ಕೆಂಪು ಬಸ್ಸು ಹತ್ತಿ ರೋಮನ್ ನಾಣ್ಯದ ಊರಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಬಸ್ಸಿನ ಊರುಗಳು. ತುಮಕೂರು–ರಾಯದುರ್ಗ, ತುಮಕೂರು–ದಾವಣಗೆರೆ ಎಂದು ಎರಡೆರಡು ರೈಲು ಮಾರ್ಗಗಳ ಮಾತನ್ನು ಇಲ್ಲಿಯ ಒಂದು ತಲೆಮಾರು ಕೇಳಿಕೊಂಡೇ ಬೆಳೆದಿದೆ. ಹಳಿಯ ಕೆಲಸ ವರ್ಷಗಳಿಂದ ನಡೆದಿದೆ. ಆದರೂ ಮದುವೆಗೆ, ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ ಹೊರಟವರ ಕಾಲು ತಿರುಗುವುದು ಬಸ್ ಸ್ಟ್ಯಾಂಡಿನ ಕಡೆಗೇ. ಇಂಥ ಊರಿನವರಿಗೆ ಪ್ರಾಚೀನ ರೋಮ್ ಎಂದರೆ ಹೈಸ್ಕೂಲಿನ ಸಮಾಜ ವಿಜ್ಞಾನದ ಒಂದು ಪಾಠ; ಪರೀಕ್ಷೆ ಮುಗಿದ ಸಂಜೆಯೇ ಮರೆತುಹೋದದ್ದು. ಅಲ್ಲಿಗೆ ಹೋಗಿಬರುವುದು ಪಾಸ್‌ಪೋರ್ಟ್ ಇರುವವರ ಬಾಬ್ತು ಎಂದು ಎಲ್ಲರೂ ಒಪ್ಪಿಕೊಂಡಾಗಿದೆ.

ಆದರೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ನೆಲದಡಿಯಿಂದ ಎದ್ದುಬಂದ ಜಾಗ ಶಿರಾದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿದೆ. ಹಿರಿಯೂರು ದಾಟಿದರೆ ಚಿತ್ರದುರ್ಗ, ಚಿತ್ರದುರ್ಗದ ಮಗ್ಗುಲಲ್ಲೇ ಚಂದ್ರವಳ್ಳಿ. ನೂರು ರೂಪಾಯಿ ಆಸುಪಾಸಿನ ಟಿಕೆಟ್ಟು. ಹೆಂಗಸರಾದರೆ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದರಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ರಾಜ್ಯದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರು ದುಡ್ಡು ಕೊಡಬೇಕಿಲ್ಲ. ರೋಮನ್ ಸಾಮ್ರಾಜ್ಯದ ಗುರುತು ಸಿಕ್ಕ ನೆಲಕ್ಕೆ ಬಿಡಿಗಾಸೂ ಇಲ್ಲದೆ ಹೋಗಿಬರುವ ಅನುಕೂಲ ಇಟಲಿಯ ಹೆಂಗಸರಿಗೂ ಇರಲಾರದು.

ಮಧುಗಿರಿಯವರು ಮೊದಲು ಶಿರಾಕ್ಕೆ ಬರುವುದೇ ಸರಿ. ಕೊರಟಗೆರೆಯವರಿಗೆ ಮಧುಗಿರಿ ಮೇಲೂ ದಾರಿಯುಂಟು, ತುಮಕೂರಿಗೆ ಇಳಿದು ಹೆದ್ದಾರಿ ಬಸ್ಸು ಹಿಡಿಯುವ ದಾರಿಯೂ ಉಂಟು. ಎರಡನೆಯದು ಸುತ್ತು, ಆದರೆ ಬಸ್ಸು ಹೆಚ್ಚು. ಪಾವಗಡದವರಿಗೆ ಇವೆರಡೂ ಬೇಡ, ಅವರು ಚಳ್ಳಕೆರೆ ಮೇಲೆ ಹೋಗುತ್ತಾರೆ. ತೊಡಕು ಬರುವುದು ಹೆದ್ದಾರಿಯಲ್ಲಿ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿ ಕಡೆಗೆ ಓಡುವ ಎಷ್ಟೋ ಬಸ್ಸುಗಳು ಚಿತ್ರದುರ್ಗದ ಊರೊಳಗೆ ಬರುವುದಿಲ್ಲ. 'ಬೈಪಾಸಲ್ಲಿ ಇಳೀಬೇಕು, ಒಳಗೆ ಹೋಗಲ್ಲ' ಎಂದು ಕಂಡಕ್ಟರು ಮೊದಲೇ ಹೇಳಿಬಿಡುತ್ತಾರೆ. ಬೈಪಾಸಿನಲ್ಲಿ ಇಳಿದವರು ಊರೊಳಕ್ಕೆ ಆಟೋಕ್ಕೆ ಕೊಡುವ ದುಡ್ಡು ಕೆಲವೊಮ್ಮೆ ಬಸ್ ಟಿಕೆಟ್ಟಿನ ಅರ್ಧ ಆಗುವುದುಂಟು. ಅದಕ್ಕೆ, ಬೋರ್ಡು ನೋಡಿ ಹತ್ತುವುದಕ್ಕಿಂತ 'ಸ್ಟ್ಯಾಂಡಿಗೆ ಹೋಗುತ್ತಾ?' ಎಂದು ಕೇಳಿ ಹತ್ತುವುದು ಲೇಸು.

ಚಂದ್ರವಳ್ಳಿ ಮೂರು ಗುಡ್ಡಗಳ ನಡುವಿನ ಕಣಿವೆ. ಒಂದು ಕಡೆ ದುರ್ಗದ ಬೆಟ್ಟ, ಇನ್ನೊಂದು ಕಡೆ ಕಿರುಬನಕಲ್ಲು, ಮತ್ತೊಂದು ಕಡೆ ಚೋಳಗುಡ್ಡ, ನಡುವೆ ಕೆರೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 20ನೇ ಶತಮಾನದ ಮೊದಲ ದಶಕದಲ್ಲೇ ಈ ಜಾಗದ ಮೇಲೆ ಕಣ್ಣಿಟ್ಟಿದ್ದರು. 1929ರ ಸುಮಾರಿಗೆ ಡಾ. ಎಂ.ಎಚ್. ಕೃಷ್ಣ ಇಲ್ಲಿ ಕ್ರಮಬದ್ಧವಾಗಿ ಅಗೆಸಿದರು. ಆಗ ಸಿಕ್ಕ ಸಾಮಾನುಗಳ ಪಟ್ಟಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳಿವೆ, ಡುಬ್ಬದ ಗೂಳಿಯ ಚಿತ್ರವಿರುವ ಮಹಾರಠಿಗಳ ನಾಣ್ಯಗಳಿವೆ, ಮಡಕೆ ಚೂರುಗಳಿವೆ, ಮಣಿಗಳಿವೆ. ಅವುಗಳ ಜೊತೆಯಲ್ಲೇ ರೋಮಿನ ದಿನಾರಿಯಸ್ ನಾಣ್ಯಗಳು.

ಭಾರತದಲ್ಲಿ ಹೆಚ್ಚಾಗಿ ಸಿಕ್ಕಿರುವ ಟೈಬೀರಿಯಸ್‌ನ ದಿನಾರಿಯಸ್ ಹೇಗಿರುತ್ತದೆ ಎಂದರೆ: ನಾಲ್ಕು ಗ್ರಾಮಿಗೆ ಸ್ವಲ್ಪ ಕಡಿಮೆ ತೂಗುವ ಬೆಳ್ಳಿ ಬಿಲ್ಲೆ, ಈಗಿನ ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಒಂದು ಮುಖದಲ್ಲಿ ಎಲೆಗಳ ಕಿರೀಟ ತೊಟ್ಟ ಚಕ್ರವರ್ತಿಯ ತಲೆ, ಪಕ್ಕಕ್ಕೆ ತಿರುಗಿದ್ದು. ಮೂಗು ನೀಳ, ಕತ್ತು ಗಟ್ಟಿ. ಇನ್ನೊಂದು ಮುಖದಲ್ಲಿ ಪೀಠದ ಮೇಲೆ ಕೂತ ಹೆಂಗಸು, ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ರೆಂಬೆ. ಅವಳು ಚಕ್ರವರ್ತಿಯ ತಾಯಿ ಲಿವಿಯಾ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅಚ್ಚು ಎಷ್ಟೋ ಸಲ ನಾಣ್ಯದ ನಡುವೆ ಬಿದ್ದಿರುವುದಿಲ್ಲ. ಅಕ್ಷರಗಳು ಅಂಚಿನಾಚೆ ಹೋಗಿರುತ್ತವೆ. ಕೈಯಿಂದ ಅಚ್ಚು ಹೊಡೆದ ಟಂಕಸಾಲೆಯ ಕೆಲಸ ಅದು. ಮೆಣಸು, ಮಣಿ, ಹತ್ತಿ ಬಟ್ಟೆಗೆ ಬದಲಾಗಿ ಇಂಥ ಬೆಳ್ಳಿ ಹಡಗಿನಲ್ಲಿ ಬಂದು ನಮ್ಮ ಕರಾವಳಿಯ ಬಂದರುಗಳಲ್ಲಿ ಇಳಿಯಿತು. ಹಾಗೆ ಹೊರಗೆ ಹರಿಯುವ ಹಣದ ಬಗ್ಗೆ ರೋಮಿನ ಲೇಖಕ ಪ್ಲಿನಿ ಒಂದನೇ ಶತಮಾನದಲ್ಲೇ ಗೊಣಗಿದ್ದಾನೆ. ಆ ಬೆಳ್ಳಿಯ ಒಂದೆರಡು ಬಿಲ್ಲೆ ಕೈಯಿಂದ ಕೈಗೆ ದಾಟಿ ಘಟ್ಟ ಹತ್ತಿ ದುರ್ಗದ ಕಣಿವೆಗೂ ಬಂತು. ಬೆಂಗಳೂರಿನವರು ಹೆಮ್ಮೆಪಡಬೇಕಾದ ಮಾತೂ ಇದೆ: 1891ರಲ್ಲಿ ಯಶವಂತಪುರದ ಬಳಿ ರೈಲು ಕೆಲಸಕ್ಕೆ ಅಗೆಯುವಾಗ ಇದೇ ಬಗೆಯ ನಾಣ್ಯಗಳ ಗಂಟೇ ಸಿಕ್ಕಿತು. ನಮ್ಮ ತಾಲ್ಲೂಕುಗಳಿಂದ ಕೆಲಸ ಹುಡುಕಿಕೊಂಡು ಹೋದವರು ದಿನವೂ ತುಳಿದು ಓಡಾಡುವ ನೆಲವದು.

ನಾಣ್ಯ ಸಿಕ್ಕಿತು ಎಂಬುದಕ್ಕಿಂತ ರೋಮಿನ ಸರಕು ಏನನ್ನು ಸಾಧ್ಯಮಾಡಿತು ಎಂಬುದು ದೊಡ್ಡ ಸಂಗತಿ. ದಕ್ಷಿಣ ಭಾರತದ ಮಣ್ಣಿನ ಪದರುಗಳಿಗೆ ಕಾಲ ಹೇಳುವುದು ಆಗ ಬಹಳ ಕಷ್ಟವಾಗಿತ್ತು. ಯಾವ ಮಡಕೆ ಯಾವ ಶತಮಾನದ್ದು? ಹೇಳುವವರಿರಲಿಲ್ಲ, ಇಂಗಾಲದ ಪರೀಕ್ಷೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ 1945ರಲ್ಲಿ ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಅಗೆಸಿದರು. ಅಲ್ಲಿ ಇಟಲಿಯಿಂದ ಬಂದ ಕೆಂಪು ಹೊಳಪಿನ ಮಡಕೆಗಳು ಸಿಕ್ಕವು. ಯುರೋಪಿನಲ್ಲಿ ಆ ಮಡಕೆಗಳ ಕಾಲ ಮೊದಲೇ ಖಚಿತವಾಗಿತ್ತು. ಅದೇ ಪದರಿನಲ್ಲಿ ತಳದಲ್ಲಿ ಚಕ್ರದ ಗೀರುಗಳಿರುವ ಒಂದು ಬಗೆಯ ನಯವಾದ ತಟ್ಟೆಗಳೂ ಇದ್ದವು. ಅಂದಮೇಲೆ ಗೀರಿನ ತಟ್ಟೆ ಎಲ್ಲಿ ಸಿಕ್ಕಿದರೂ ಅಲ್ಲಿಯ ಪದರು ಕ್ರಿಸ್ತಶಕದ ಆರಂಭದ ಆಸುಪಾಸಿನದು ಎಂದು ಲೆಕ್ಕ ಹಾಕಬಹುದು. ಈ ಲೆಕ್ಕವನ್ನು ಹೊತ್ತು ವೀಲರ್ 1947ರಲ್ಲಿ ಬಂದದ್ದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಮತ್ತು ಚಂದ್ರವಳ್ಳಿಗೆ. ಆ ತಟ್ಟೆಗಳು ಇಲ್ಲೂ ಸಿಕ್ಕವು. ಅದರ ಕೆಳಗೆ ಬೃಹತ್ ಶಿಲಾಗೋರಿಗಳ ಜನ, ಇನ್ನೂ ಕೆಳಗೆ ಕಲ್ಲುಕೊಡಲಿಯವರು ಎಂದು ಅವರು ಮೇಲಿನಿಂದ ಕೆಳಕ್ಕೆ ಕಾಲದ ಏಣಿ ಕಟ್ಟಿದರು. ಮುಂದೆ ಆ ಏಣಿಯ ಎಷ್ಟೋ ಮೆಟ್ಟಿಲುಗಳು ಹಿಂದಕ್ಕೆ ಸರಿದವು. ಮೊದಲ ಮೊಳೆ ಹೊಡೆದದ್ದು ಮಾತ್ರ ರೋಮಿನ ಸರಕು, ಹೊಡೆಸಿಕೊಂಡದ್ದು ನಮ್ಮ ಬಯಲುಸೀಮೆ.

ಇಷ್ಟು ಓದಿಕೊಂಡು ಹೋದವರಿಗೆ ಚಂದ್ರವಳ್ಳಿ ಮೊದಲ ನೋಟಕ್ಕೆ ಸಪ್ಪೆ ಎನಿಸೀತು. ಅಗೆದ ಗುಂಡಿಗಳು ಮುಚ್ಚಿವೆ. ಕೆರೆ ಏರಿಯ ಮೇಲೆ ಕಾಲೇಜು ಹುಡುಗರು ಫೋಟೊ ತೆಗೆದುಕೊಳ್ಳುತ್ತಿರುತ್ತಾರೆ, ಬೆಳಗಿನ ಹೊತ್ತು ವಾಕಿಂಗಿನವರ ಗುಂಪು. ನೋಡಬೇಕಾದದ್ದು ಭೈರವೇಶ್ವರ ಗುಡಿಯ ಬಳಿಯ ಬಂಡೆ. ಕದಂಬ ಮಯೂರಶರ್ಮ ಇಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಅದರ ಮೇಲಿದೆ. ಓದಿ ಪ್ರಕಟಿಸಿದವರು ಎಂ.ಎಚ್. ಕೃಷ್ಣ ಅವರೇ. ಅಂಕಲಿ ಮಠದ ನೆಲದಡಿಯ ಕೋಣೆಗಳಿಗೆ ಟಾರ್ಚ್ ಬೇಕು, ಒಳಹೊರಗು ಗೊತ್ತಿರುವವರ ಜೊತೆಯೂ ಬೇಕು. ಚಂದ್ರವಳ್ಳಿ, ಬ್ರಹ್ಮಗಿರಿಗಳ ಸಾಮಾನು ನೋಡಬೇಕೆಂದರೆ ಪಟ್ಟಣದಲ್ಲಿ ರಂಗಯ್ಯನ ಬಾಗಿಲಿನ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ಸರ್ಕಾರಿ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಆ ದಿನ ಹೊರಡಬೇಡಿ. ಮಧ್ಯಾಹ್ನದ ಹಸಿವಿಗೆ ದುರ್ಗದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ದೇ ಇದೆ.

ಬ್ರಹ್ಮಗಿರಿ ಇದಕ್ಕಿಂತ ಕಷ್ಟದ ದಾರಿ. ಚಳ್ಳಕೆರೆಯಿಂದ ಬಳ್ಳಾರಿ ಕಡೆಯ ಬಸ್ಸು ಹಿಡಿದು, ಇಳಿದು, ಮತ್ತೆ ಸಿದ್ದಾಪುರದ ಕಡೆಗೆ ಹೋಗಬೇಕು. ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಪತ್ತೆ ಹಚ್ಚಿದ ಬಂಡೆ ಅಲ್ಲಿದೆ. ಊರಿನವರು ಅದನ್ನು ಅಕ್ಷರಗುಂಡು ಎಂದು ಕರೆದು, ಅದರ ಮೇಲೆ ಸುರಿದ ನೀರು ಔಷಧಿ ಎಂದು ನಂಬಿದ್ದರು. ಪಾವಗಡದವರು ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಮುಗಿಸಬಹುದು. ಉಳಿದವರು ಚಿತ್ರದುರ್ಗದಲ್ಲಿ ರಾತ್ರಿ ತಂಗುವುದು ಮೇಲು.

ಇನ್ನು ರೋಮಿನವರೇ ತಮ್ಮ ಹಳೆಯ ಊರುಗಳಿಗೆ ಹೇಗೆ ಹೋಗುತ್ತಾರೆ ನೋಡಿ. ರೋಮಿನ ಹಳೆಯ ಬಂದರು ಓಸ್ಟಿಯಾ. ಅಲ್ಲಿಗೆ ಪ್ರವಾಸಿ ಬಸ್ಸು ಬೇಕಿಲ್ಲ. ನಗರದೊಳಗಿನ ಪೋರ್ಟಾ ಸಾನ್ ಪಾವೊಲೊ ನಿಲ್ದಾಣದಿಂದ ಸಮುದ್ರದ ಕಡೆ ಹೋಗುವ ಲೋಕಲ್ ರೈಲು ಹತ್ತಿದರಾಯಿತು. ನಗರದ ಬಸ್ಸಿಗೂ ಮೆಟ್ರೊಗೂ ನಡೆಯುವ ಒಂದೂವರೆ ಯೂರೊ ಟಿಕೆಟ್ಟೇ ಇದಕ್ಕೂ ನಡೆಯುತ್ತದೆ. 'ಓಸ್ಟಿಯಾ ಆಂಟಿಕಾ' ಎಂಬ ಹೆಸರಿನ ನಿಲ್ದಾಣದಲ್ಲಿ ಇಳಿದು, ರಸ್ತೆಯ ಮೇಲಿನ ಕಾಲುಸೇತುವೆ ದಾಟಿ ಐದು ನಿಮಿಷ ನಡೆದರೆ ಹಾಳೂರಿನ ಬಾಗಿಲು. ಒಳಗೆ ಹೋಗುವ ಟಿಕೆಟ್ಟು ಬೇರೆ, ಅದು ದುಬಾರಿ. ಈ ರೈಲು 1924ರಿಂದ ಓಡುತ್ತಿದೆ. ಹಾಕಿದ್ದು ಪುರಾತತ್ತ್ವಕ್ಕಲ್ಲ, ರೋಮಿನ ಜನ ಭಾನುವಾರ ಕಡಲತಡಿಗೆ ಹೋಗಿಬರಲಿ ಎಂದು. ನೇಪಲ್ಸ್‌ನಿಂದ ಪೊಂಪೇಗೆ ಹೋಗುವವರೂ ಹಾಗೆಯೇ. ಶಾಲೆಗೆ, ಕೆಲಸಕ್ಕೆ ಹೋಗುವವರು ನೇತಾಡುವ ಲೋಕಲ್ ರೈಲಿನಲ್ಲೇ ಹೋಗಿ ಅಗೆದು ತೆಗೆದ ಊರಿನ ಎದುರಿಗೇ ಇಳಿಯುತ್ತಾರೆ.

ಅಲ್ಲಿ ದಿನನಿತ್ಯದ ಓಡಾಟದ ದಾರಿಯೇ ಹಾಳೂರಿನ ಬಾಗಿಲಿಗೆ ಮುಟ್ಟಿದೆ. ನಮ್ಮಲ್ಲೂ ದಿನನಿತ್ಯದ ಬಸ್ಸಿದೆ, ಹಾಳೂರೂ ಇದೆ. ಆದರೆ ಬಸ್ಸಿನ ದಿಕ್ಕು ಉಲ್ಟಾ. ಇದನ್ನು ಅರ್ಥಮಾಡಿಕೊಳ್ಳಬೇಕಾದರೆ ನೈಟ್ ಹಾಲ್ಟ್ ಗಾಡಿ ಎಂದರೇನೆಂದು ತಿಳಿದಿರಬೇಕು. ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಬಸ್ಸು ಕೊನೆಯ ಹಳ್ಳಿಗೆ ಹೋಗಿ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಬಸ್ಸಿನಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ ಮಲಗುತ್ತಾರೆ. ಬೆಳಗಿನ ಜಾವ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಕಾಲೇಜು ಮಕ್ಕಳನ್ನು ತುಂಬಿಕೊಂಡು ಅದೇ ಬಸ್ಸು ಪಟ್ಟಣಕ್ಕೆ ಹೊರಡುತ್ತದೆ. ವೇಳಾಪಟ್ಟಿ ಹೆಣೆದಿರುವುದೇ ಹಳ್ಳಿಯವರನ್ನು ಬೆಳಿಗ್ಗೆ ಪಟ್ಟಣಕ್ಕೆ ತಂದು ಸಂಜೆ ಊರಿಗೆ ಬಿಡಲು. ಪ್ರವಾಸ ಹೊರಟವನಿಗೆ ಬೇಕಾದದ್ದು ಸರಿಯಾಗಿ ಇದರ ವಿರುದ್ಧ: ಬೆಳಿಗ್ಗೆ ಪಟ್ಟಣದಿಂದ ಹಳ್ಳಿಗೆ, ಸಂಜೆ ಹಳ್ಳಿಯಿಂದ ಪಟ್ಟಣಕ್ಕೆ. ಮಧ್ಯಾಹ್ನದ ಹೊತ್ತು ಬಸ್ಸು ಕಮ್ಮಿ, ಸಂತೆಯ ದಿನ ಜಾಸ್ತಿ, ಶಾಲೆ ರಜೆಯಿದ್ದರೆ ಇರುವುದೂ ಕ್ಯಾನ್ಸಲ್. ಭಾನುವಾರವೇ ಪುರಸೊತ್ತು ಸಿಗುವ ನೌಕರಸ್ಥನಿಗೆ ಭಾನುವಾರವೇ ಬಸ್ಸಿಲ್ಲ. ದುಡ್ಡಿನ ಕೊರತೆ ನಮ್ಮ ಕಡೆಯವರನ್ನು ತಡೆದದ್ದಕ್ಕಿಂತ ಈ ವೇಳಾಪಟ್ಟಿ ತಡೆದದ್ದೇ ಹೆಚ್ಚು ಎಂಬುದು ನನ್ನ ಅಂದಾಜು.

ಈ ತಿಕ್ಕಾಟ ಚೆನ್ನಾಗಿ ಕಾಣುವುದು ಆಂಧ್ರದ ಗಡಿಯೊಳಗಿನ ಹೇಮಾವತಿ ಎಂಬ ಊರಿನ ದಾರಿಯಲ್ಲಿ. ಚಂದ್ರವಳ್ಳಿಯಲ್ಲಿ ಸಿಕ್ಕದ ನೋಟದ ಊಟ ಅಲ್ಲಿದೆ. ನಮ್ಮ ನಾಲ್ಕು ತಾಲ್ಲೂಕುಗಳವರು ಮೊದಲು ನೋಡಬೇಕಾದದ್ದೂ ಅದೇ. ಶಾಸನಗಳ ಹೆಂಜೇರು ಈಗಿನ ಹೇಮಾವತಿ. ನೊಳಂಬ ಅರಸರ ನೊಳಂಬವಾಡಿ ಮೂವತ್ತೆರಡು ಸಾಸಿರದ ರಾಜಧಾನಿ. ಈಗಿನ ತುಮಕೂರು, ಚಿತ್ರದುರ್ಗ, ಕೋಲಾರ, ಬಳ್ಳಾರಿ, ಅನಂತಪುರಗಳ ದೊಡ್ಡ ಭಾಗ ನೊಳಂಬರ ಕೈಯಲ್ಲಿತ್ತು. ಶಿರಾ, ಮಧುಗಿರಿ, ಪಾವಗಡಗಳ ಹಳ್ಳಿಗಳಲ್ಲಿ ಇವತ್ತೂ ಅವರ ಕಾಲದ ಶಾಸನ, ವೀರಗಲ್ಲುಗಳು ನಿಂತಿವೆ. ಹತ್ತನೇ ಶತಮಾನದಲ್ಲಿ ಗಂಗರ ಇಮ್ಮಡಿ ಮಾರಸಿಂಹ ಅವರನ್ನು ಬಗ್ಗುಬಡಿದು ನೊಳಂಬಕುಲಾಂತಕ ಎಂಬ ಬಿರುದು ಹೊತ್ತ. ಆಮೇಲೆ ಬಂದ ಚೋಳರು ನೊಳಂಬರ ಕಂಬಗಳನ್ನೇ ಕಿತ್ತು ಹೊತ್ತುಕೊಂಡು ಹೋದರು. ತಂಜಾವೂರಿನ ಬಳಿಯ ತಿರುವೈಯಾರಿನ ದೇವಸ್ಥಾನದಲ್ಲಿ ಅವು ಈಗಲೂ ಚಾವಣಿ ಹೊತ್ತು ನಿಂತಿವೆ. ಬ್ರಿಟಿಷರ ಕಾಲದಲ್ಲಿ ಇನ್ನಷ್ಟು ಶಿಲ್ಪಗಳು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಅವುಗಳ ಮೇಲೆ ಸಿ. ಶಿವರಾಮಮೂರ್ತಿ ಒಂದು ಪುಸ್ತಕವನ್ನೇ ಬರೆದರು.

ಇಷ್ಟೆಲ್ಲ ಹೋಗಿಯೂ ಉಳಿದದ್ದು ಸಾಕಷ್ಟಿದೆ. ದೊಡ್ಡೇಶ್ವರ ಗುಡಿಯ ಮುಂದೆ ಕರಿಕಲ್ಲಿನ ನಂದಿ, ಮೈಯೆಲ್ಲ ಎಣ್ಣೆ ಹಚ್ಚಿದಂತೆ ನುಣುಪು. ಗೋಡೆಯಲ್ಲಿ ಕೊರೆದ ಜಾಲಂಧ್ರಗಳಿವೆ. ಕಲ್ಲಿನ ಚಪ್ಪಡಿಯಲ್ಲಿ ಬಳ್ಳಿಯ ಸುರುಳಿ ಬಿಡಿಸಿ, ಸುರುಳಿಯ ನಡುವೆ ದೇವತೆಗಳನ್ನು ಕೂರಿಸಿ, ಉಳಿದ ಕಲ್ಲನ್ನು ಪೂರ್ತಿ ಕೊರೆದು ತೆಗೆದಿದ್ದಾರೆ. ಒಳಗೆ ನಿಂತು ನೋಡಿದರೆ ಹೊರಗಿನ ಬಿಸಿಲು ಆ ತೂತುಗಳಿಂದ ಬಂದು ಬಳ್ಳಿಯನ್ನಷ್ಟೇ ಕಪ್ಪಾಗಿ ಬಿಡುತ್ತದೆ. ಹೊರಗಿನಿಂದ ನೋಡಿದರೆ ಕತ್ತಲ ಮುಂದೆ ಶಿಲ್ಪವೇ ಎದ್ದು ಬರುತ್ತದೆ. ಎರಡೂ ಕಡೆಯಿಂದ ನೋಡದೆ ಹೊರಡಬೇಡಿ. ಸಿದ್ದೇಶ್ವರ ಗುಡಿಯಲ್ಲಿ ಲಿಂಗವಿಲ್ಲ, ಕುಳಿತ ಶಿವನ ಮೂರ್ತಿಯೇ ಇದೆ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅವನು ಮನೆದೇವರು, ಹೆಂಜೇರಪ್ಪ. ಮಕ್ಕಳಿಗೆ ಆ ಹೆಸರಿಟ್ಟವರು ಅದು ಒಂದು ರಾಜಧಾನಿಯ ಹೆಸರೆಂದು ತಿಳಿದಿರಬೇಕಾಗಿಲ್ಲ.

ಊರು ಕನ್ನಡದ್ದು, ಜಿಲ್ಲೆ ಮಾತ್ರ ಆಂಧ್ರದ್ದು. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಅನಂತಪುರವೂ ಸೇರಿತ್ತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಅದು 1953ರಲ್ಲಿ ಆಂಧ್ರಕ್ಕೆ ಹೋಯಿತು. 2022ರ ಏಪ್ರಿಲ್‌ನಿಂದ ಹೇಮಾವತಿ ಇರುವ ಮಡಕಶಿರಾ, ಅಮರಾಪುರದ ಸೀಮೆ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಮಾತು ಕನ್ನಡವಾದ ಈ ಸೀಮೆಯವರು ಮದುವೆ ಸಂಬಂಧಕ್ಕೆ, ಆಸ್ಪತ್ರೆಗೆ ಶಿರಾ, ಮಧುಗಿರಿಗೇ ಬರುತ್ತಾರೆ.

ಶಿರಾದ ಸ್ಟ್ಯಾಂಡಿನಲ್ಲಿ ಹೇಮಾವತಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಮೊದಲು ಬರುವುದು ಮರುಪ್ರಶ್ನೆ.

'ದೇವ್ರಿಗಾ?'

'ಗುಡಿ ನೋಡೋಕೆ ಅಣ್ಣ.'

'ಅಮರಾಪುರದ್ದು ಹತ್ಕಳಿ. ಅಲ್ಲಿಂದ ಆಟೋ ಸಿಕ್ತದೆ. ಡೈರೆಕ್ಟು ನಂಬ್ಕಂಡು ಕೂರ್ಬ್ಯಾಡಿ, ಬಂದ್ರೆ ಬತ್ತದೆ ಇಲ್ದಿದ್ರಿಲ್ಲ.'

ಈ ಸಲಹೆ ಸರಿಯಾದದ್ದು. ಮಧುಗಿರಿ, ಕೊರಟಗೆರೆಯವರಿಗೆ ಮಡಕಶಿರಾ ಮೇಲೆ ಅಮರಾಪುರಕ್ಕೆ ಬರುವ ದಾರಿಯೂ ಇದೆ. ಅಲ್ಲಿ ಆಂಧ್ರದ ಸಾರಿಗೆ ಬಸ್ಸುಗಳು ಸಿಗುತ್ತವೆ. ಅಮರಾಪುರದಲ್ಲಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ವಾಪಸು ಹೋಗುವ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಇಬ್ಬರನ್ನು ಬೇರೆಬೇರೆಯಾಗಿ ಕೇಳುವುದು. ಇಬ್ಬರು ಹೇಳಿದ್ದರಲ್ಲಿ ಯಾವುದು ಮೊದಲೋ ಅದನ್ನು ನಂಬಬೇಕು. ಹೇಮಾವತಿಯಲ್ಲಿ ಊಟದ ಹೋಟೆಲು ನೆಚ್ಚಿಕೊಳ್ಳುವಂತಿಲ್ಲ. ಬುತ್ತಿ ಕಟ್ಟಿಕೊಂಡು ಹೋದರೆ ಕ್ಷೇಮ. ಶಿವರಾತ್ರಿಯ ಸುತ್ತಮುತ್ತ ಹೋದರೆ ಗಾಡಿಗೆ ಬರವಿಲ್ಲ, ಆದರೆ ಜಾಲಂಧ್ರದ ಮುಂದೆ ನಿಲ್ಲಲು ಜಾಗವೂ ಇಲ್ಲ.

ಇಲ್ಲೇ ಶಕ್ತಿ ಯೋಜನೆಯ ವ್ಯಾಪ್ತಿ ಮುಗಿಯುತ್ತದೆ. ಅಂತರರಾಜ್ಯ ಪ್ರಯಾಣಕ್ಕೆ ಅದು ಅನ್ವಯಿಸುವುದಿಲ್ಲ. ಆಂಧ್ರವೂ 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಎಂಬ ಹೆಸರಿನಲ್ಲಿ ತನ್ನ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದೆ. ಹೀಗಾಗಿ ಶಿರಾದ ಅಕ್ಕ ಬೆಂಗಳೂರಿಗೆ ಪುಕ್ಕಟೆ ಹೋಗುತ್ತಾಳೆ, ಅಮರಾಪುರದ ತಂಗಿ ಅನಂತಪುರಕ್ಕೆ ಪುಕ್ಕಟೆ ಹೋಗುತ್ತಾಳೆ; ಅಕ್ಕ ತಂಗಿಯನ್ನು ನೋಡಲು ಹೋದರೆ ಮಾತ್ರ ಟಿಕೆಟ್ಟು. ಟಿಕೆಟ್ಟಿನ ಹಣ ದೊಡ್ಡದೇನಲ್ಲ. ಆದರೂ ಬೆಂಗಳೂರಿಗೆ ದುಡ್ಡಿಲ್ಲದೆ ಹೋಗುವ ಅಭ್ಯಾಸವಾದವರಿಗೆ ಪಕ್ಕದೂರಿಗೆ ಕೊಡುವ ದುಡ್ಡು ಕಣ್ಣಿಗೆ ಬೀಳುತ್ತದೆ.

ಪಾವಗಡದ ಪಾಡು ಇನ್ನೊಂದು ಬಗೆ. ತಾಲ್ಲೂಕು ತುಮಕೂರು ಜಿಲ್ಲೆಯದಾದರೂ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ. ಮಧುಗಿರಿಯಿಂದ ಹೊರಟ ಬಸ್ಸು ನಡುವೆ ಆಂಧ್ರದ ನೆಲ ದಾಟಿಯೇ ಪಾವಗಡ ಮುಟ್ಟಬೇಕು. ತಾಲ್ಲೂಕಿನೊಳಗೆ ಖಾಸಗಿ ಬಸ್ಸುಗಳ ಓಡಾಟ ಬಹಳ. 2022ರ ಮಾರ್ಚ್ 19ರ ಬೆಳಿಗ್ಗೆ ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಬರುತ್ತಿದ್ದ ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿ ಕೆರೆ ಕಟ್ಟೆಯ ಬಳಿ ಉರುಳಿಬಿತ್ತು. ಸತ್ತವರಲ್ಲಿ ಕಾಲೇಜಿಗೆ ಹೊರಟ ಮಕ್ಕಳಿದ್ದರು. ಅಗ್ಗದ ಪ್ರಯಾಣದ ಗುಣಗಾನ ಮಾಡುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬಾಗಿಲಲ್ಲಿ ನೇತಾಡುವ ಬಸ್ಸು ಬಂದರೆ ಬಿಟ್ಟುಬಿಡಿ. ನೋಡಬೇಕೆಂದಿದ್ದ ನಿಡುಗಲ್ ಕೋಟೆ ಎಲ್ಲೂ ಓಡಿಹೋಗುವುದಿಲ್ಲ. ನಿಡುಗಲ್ಲಿನ ಬೆಟ್ಟದ ಮೇಲೆ ನಿಡುಗಲ್ ಚೋಳರ ಕೋಟೆಯೂ 13ನೇ ಶತಮಾನದ ಬಸದಿಯೂ ಇವೆ. ಅಲ್ಲಿಗೆ ಹೋಗುವವರು ಬಸ್ಸಿನ ಜೊತೆ ಬೆಟ್ಟ ಹತ್ತುವ ಹೊತ್ತನ್ನೂ ಲೆಕ್ಕ ಹಾಕಬೇಕು.

ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗಬಹುದಾದವೂ ಇವೆ, ನಾವೇ ನೋಡಿರುವುದಿಲ್ಲ. ಶಿರಾದ ಮಲಿಕ್ ರಿಹಾನ್ ಗೋರಿ 1651ರದು, ಜುಮ್ಮಾ ಮಸೀದಿ 1696ರದು. 1687ರ ನಂತರ ಮೊಗಲರ ಸುಬಾದ ಕೇಂದ್ರವಾಗಿದ್ದ ಊರದು. ಮಧುಗಿರಿಯಲ್ಲಂತೂ ಬಸ್ಸಿಳಿದು ಕತ್ತೆತ್ತಿದರೆ ಏಕಶಿಲಾ ಬೆಟ್ಟ. ಬಂಡೆ ಕಾಯುವ ಮೊದಲೇ ಹತ್ತಿ ಇಳಿಯಬೇಕು ಎಂಬುದೊಂದೇ ಅಲ್ಲಿಯ ನಿಯಮ.

ನನಗೆ ಬೇಕೆನಿಸುವುದು ಹವಾನಿಯಂತ್ರಿತ ಪ್ರವಾಸಿ ಬಸ್ಸಲ್ಲ. ಬೆಳಿಗ್ಗೆ ಹಳ್ಳಿಯಿಂದ ಜನ ತುಂಬಿಕೊಂಡು ಬಂದ ಗಾಡಿಗಳಲ್ಲಿ ಒಂದನ್ನು ಭಾನುವಾರ ಎಂಟು ಗಂಟೆಗೆ ಶಿರಾದಿಂದ ಹೇಮಾವತಿಯ ಗುಡಿಯವರೆಗೆ ಬಿಟ್ಟು, ಮಧ್ಯಾಹ್ನ ಮೂರಕ್ಕೆ ಹಿಂದಕ್ಕೆ ತಂದರೆ ಸಾಕು. ಬೋರ್ಡು ಕನ್ನಡ, ತೆಲುಗು ಎರಡರಲ್ಲೂ ಇರಲಿ. ಎರಡು ರಾಜ್ಯಗಳ ಸಾರಿಗೆ ಒಪ್ಪಂದದಲ್ಲಿ ಈ ಮಾರ್ಗಕ್ಕೊಂದು ಸಾಲು ಸಿಗಬೇಕು. ಕಾಗದದ ಕೆಲಸ ಇರುವುದು ಅಷ್ಟೇ. ಕಲೆಕ್ಷನ್ ಬರುತ್ತದೆಯೇ ಎಂದು ಡಿಪೊದವರು ಕೇಳಿಯೇ ಕೇಳುತ್ತಾರೆ, ಕೇಳಬೇಕಾದದ್ದೂ ಸರಿಯೇ. ಭಾನುವಾರ ಗುಡಿ ನೋಡುವವರು ಹತ್ತು ಜನ ಸಿಕ್ಕಾರೋ ಇಲ್ಲವೋ, ಅದೇ ಟ್ರಿಪ್ಪನ್ನು ಸೋಮವಾರಕ್ಕೂ ಅಮಾವಾಸ್ಯೆಗೂ ಹಾಕಿ ನೋಡಲಿ, ಹೆಂಜೇರಪ್ಪನ ಒಕ್ಕಲುಗಳು ಸೀಟು ತುಂಬಿಸುತ್ತಾರೆ.